ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಮತ್ತು ಬ್ರಿಟಿಷ್ ಪಾರ್ಲಿಮೆಂಟ್: ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಲಂಡನ್ನಿನ ಸುತ್ತಮುತ್ತ ಇರುವ ನಮ್ಮಂಥವರ ಮನೆಗೆ ನೆಂಟರು ಬರುವ ಕಾಲ. ಬಂದವರನ್ನೆಲ್ಲ ಅಬ್ಬೆ ಎಂಬ ಹಳೆಯ ಚರ್ಚಿಗೆ, ಪಾರ್ಲಿಮೆಂಟಿಗೆ ಕರೆದೊಯ್ದು ಕರೆದೊಯ್ದು ನನಗೆ ಅಲ್ಲಿನ ಕಂಬಗಳೂ ಪರಿಚಯವಾಗಿವೆ. ಕೇಳುವ ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ. ಪ್ರತಿ ಸಲ ವಾಟ್ಸಾಪಿನಲ್ಲಿ ಉತ್ತರ ಟೈಪ್ ಮಾಡುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎರಡೂ ಒಂದೇ ಕಡೆ ಇವೆಯಾ? ಒಂದೇ ದಿನದಲ್ಲಿ ಮುಗಿಯುತ್ತಾ?

ನಡುವೆ ಒಂದು ರಸ್ತೆ ಅಷ್ಟೆ. ವೆಸ್ಟ್‌ಮಿನ್‌ಸ್ಟರ್ ಟ್ಯೂಬ್ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಮೊದಲು ಕಾಣುವುದು ಬಿಗ್ ಬೆನ್ ಗೋಪುರ, ಅದರ ಬೆನ್ನಿಗೇ ಪಾರ್ಲಿಮೆಂಟ್, ಎದುರುಗಡೆ ಅಬ್ಬೆ. ಒಂದೇ ದಿನದಲ್ಲಿ ಆಗುತ್ತದೆ. ಆದರೆ ಬೆಳಿಗ್ಗೆ ಅಬ್ಬೆ, ಮಧ್ಯಾಹ್ನ ಪಾರ್ಲಿಮೆಂಟ್ ಎಂಬ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ತಿರುಗಾಮುರುಗಾ ನೋಡಿದವರಿಗೆ ಒಂದು ಸ್ವಾರಸ್ಯ ಕೈತಪ್ಪುತ್ತದೆ. ಅದೇನೆಂದು ಕೆಳಗೆ ಹೇಳುತ್ತೇನೆ.

ಯಾವ ವಾರ ಹೋಗಬೇಕು?

ಶನಿವಾರ. ಪಾರ್ಲಿಮೆಂಟಿನಲ್ಲಿ ಪ್ರವಾಸಿಗರಿಗೆ ಒಳಗೆಲ್ಲ ಸುತ್ತಿಸಿ ತೋರಿಸುವುದು ಮುಖ್ಯವಾಗಿ ಶನಿವಾರಗಳಲ್ಲಿ, ಜೊತೆಗೆ ಅಧಿವೇಶನಕ್ಕೆ ಬಿಡುವಿದ್ದಾಗ ವಾರದ ದಿನಗಳಲ್ಲಿ. ಅಬ್ಬೆ ಶನಿವಾರ ಬೇಗ ಬಾಗಿಲು ಹಾಕುತ್ತದೆ. ಬೆಳಿಗ್ಗೆ ಅಲ್ಲಿಗೇ ಮೊದಲು ಹೋಗಲು ಅದೂ ಒಂದು ಕಾರಣ. ಭಾನುವಾರ ಅಬ್ಬೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಪ್ರಾರ್ಥನೆಗೆ ಬರುವವರಿಗೆ ಮಾತ್ರ ಪ್ರವೇಶ. ವಿಶೇಷ ಸಮಾರಂಭವಿದ್ದರೆ ಬೇರೆ ದಿನಗಳಲ್ಲೂ ಮುಚ್ಚಿರುತ್ತದೆ. ಹಾಗಾಗಿ ಹೊರಡುವ ಮುಂಚೆ ಎರಡರ ವೆಬ್‌ಸೈಟನ್ನೂ ಒಮ್ಮೆ ನೋಡಿಕೊಳ್ಳಿ.

ಟಿಕೆಟ್ ಎಷ್ಟು? ಅಲ್ಲೇ ಹೋಗಿ ತೆಗೆದುಕೊಳ್ಳಬಹುದಾ?

ದೊಡ್ಡವರಿಗೆ ಎರಡೂ ಕಡೆ ತಲಾ 30 ಪೌಂಡ್ ಆಸುಪಾಸು. ರೂಪಾಯಿಗೆ ಬದಲಾಯಿಸಿ ನೋಡಬೇಡಿ, ಹೊಟ್ಟೆ ಉರಿಯುತ್ತದೆ. ಮುಂಚಿತವಾಗಿ ಆನ್‌ಲೈನಿನಲ್ಲಿ ಬುಕ್ ಮಾಡುವುದೇ ವಾಸಿ. ಅಬ್ಬೆಯ ಟಿಕೆಟಿನಲ್ಲಿ ಆಡಿಯೊ ಗೈಡ್ ಸೇರಿರುತ್ತದೆ. ವರ್ಜರ್ (ಚರ್ಚಿನ ಸಿಬ್ಬಂದಿ) ಜೊತೆಗಿನ ಟೂರ್‌ಗೂ ಮೇಲಿನ ಗ್ಯಾಲರಿಗೂ ಪ್ರತ್ಯೇಕ ದುಡ್ಡು.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಒಂದು ದಾರಿ ಇದೆ. ಸಂಜೆಯ ಹಾಡಿನ ಪ್ರಾರ್ಥನೆಗೆ ಅಬ್ಬೆಯಲ್ಲಿ ಟಿಕೆಟ್ ಇಲ್ಲ, ಯಾವ ಧರ್ಮದವರೂ ಹೋಗಿ ಕೂರಬಹುದು. ಆಗ ಓಡಾಡಿ ನೋಡಲು ಬಿಡುವುದಿಲ್ಲ. ಆದರೆ ಆ ಎತ್ತರದ ಚಾವಣಿಯ ಕೆಳಗೆ ಹುಡುಗರ ದನಿ ಏರುವುದನ್ನು ಕೇಳಿದ ನಮ್ಮ ಚಿಕ್ಕಪ್ಪ, ಕಛೇರಿ ಬಿಟ್ಟರೆ ಬೇರೇನೂ ಸಂಗೀತವಲ್ಲ ಎನ್ನುವವರು, ಹೊರಗೆ ಬಂದ ಮೇಲೂ ಸುಮಾರು ಹೊತ್ತು ಮಾತಾಡಲಿಲ್ಲ.

ಇದನ್ನು ರಾಜರ ಚರ್ಚು ಅನ್ನುತ್ತಾರಲ್ಲ, ಯಾಕೆ?

ಇಂಗ್ಲೆಂಡಿನ ಚರ್ಚುಗಳು ಸಾಮಾನ್ಯವಾಗಿ ಒಬ್ಬ ಬಿಷಪ್ಪರ ಅಧೀನದಲ್ಲಿರುತ್ತವೆ. ಅಬ್ಬೆ ಹಾಗಲ್ಲ. ಅದು ನೇರವಾಗಿ ರಾಜನಿಗೇ ಸೇರಿದ್ದು. ‘ರಾಯಲ್ ಪೆಕ್ಯೂಲಿಯರ್’ ಎಂದು ಅದಕ್ಕೊಂದು ಹೆಸರೂ ಇದೆ. ನಮ್ಮ ಕಡೆ ಅರಮನೆಗೆ ಸೇರಿದ ದೇವಸ್ಥಾನ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಎಡ್ವರ್ಡ್ ದಿ ಕನ್ಫೆಸರ್ ಎಂಬ ರಾಜ ಕಟ್ಟಿಸಿದ ಚರ್ಚಿನ ಪ್ರತಿಷ್ಠೆ ನಡೆದದ್ದು 1065ರ ಡಿಸೆಂಬರ್ 28ರಂದು. ಕಟ್ಟಿಸಿದವನು ಕಾಯಿಲೆ ಬಿದ್ದು ಪ್ರತಿಷ್ಠೆಗೇ ಬರಲಾಗಲಿಲ್ಲ, ಒಂದೇ ವಾರದಲ್ಲಿ ತೀರಿಕೊಂಡ. ಮರುವರ್ಷದ ಕ್ರಿಸ್‌ಮಸ್ ದಿನ ನಾರ್ಮಂಡಿಯ ವಿಲಿಯಂ ಇಲ್ಲೇ ಕಿರೀಟ ತೊಟ್ಟ. ಅಲ್ಲಿಂದ 2023ರ ಮೇ 6ರ 3ನೇ ಚಾರ್ಲ್ಸ್‌ವರೆಗೆ 40 ಪಟ್ಟಾಭಿಷೇಕಗಳು. ಈಗ ನಾವು ನೋಡುವ ಕಟ್ಟಡ ಬಹುಪಾಲು 3ನೇ ಹೆನ್ರಿ 1245ರಲ್ಲಿ ಶುರುಮಾಡಿದ್ದು. ಮುಂಭಾಗದ ಜೋಡಿ ಗೋಪುರ ಮಾತ್ರ 1745ರದ್ದು. ಫೋಟೊದಲ್ಲಿ ಎಲ್ಲರೂ ಹಿಡಿಯುವುದು ಆಮೇಲೆ ಸೇರಿಸಿದ ಭಾಗವನ್ನೇ!

ಗೈಡ್ ಬೇಕಾ? ಕಿವಿಗೆ ಹಚ್ಚುವ ಯಂತ್ರ ಸಾಲದಾ?

ನನ್ನ ಲೆಕ್ಕ ಹೀಗೆ: ಪಾರ್ಲಿಮೆಂಟಿಗೆ ಗೈಡ್ ಬೇಕೇ ಬೇಕು, ಅಬ್ಬೆಗೆ ನಿಮ್ಮ ಮಂಡಿ ನೋಡಿಕೊಂಡು ನಿರ್ಧರಿಸಿ. ಅಬ್ಬೆಯಲ್ಲಿ ಸುತ್ತಿಸುವವರು ವರ್ಜರ್‌ಗಳು, ಕಪ್ಪು ನಿಲುವಂಗಿ ತೊಟ್ಟ ಚರ್ಚಿನದೇ ಸಿಬ್ಬಂದಿ. ಸುಮಾರು ಒಂದೂವರೆ ಗಂಟೆ. ಅವರ ಜೊತೆ ಹೋದವರಿಗೆ ಮಾತ್ರ ಸಾಮಾನ್ಯ ಟಿಕೆಟಿನವರನ್ನು ಬಿಡದ ಒಂದು ಜಾಗ ಸಿಗುತ್ತದೆ. ಅದು ಎಡ್ವರ್ಡ್ ಕನ್ಫೆಸರನ ಸಮಾಧಿಮಂಟಪ, ಪ್ರಧಾನ ವೇದಿಕೆಯ ಹಿಂದೆ, ಎತ್ತರದಲ್ಲಿ. ಮೆಟ್ಟಿಲು ಹತ್ತಬೇಕು. ಸಮಾಧಿಯ ಬುಡದಲ್ಲಿ ಕಲ್ಲಿನ ಗೂಡುಗಳಿವೆ. ಕಾಯಿಲೆಯವರು ಅದರೊಳಗೆ ಮಂಡಿಯೂರಿ ತಲೆಯಿಟ್ಟು ಹರಕೆ ಹೊತ್ತುಕೊಳ್ಳುತ್ತಿದ್ದರಂತೆ. ಯಾವುದೋ ದರ್ಗಾದಲ್ಲೋ ಗದ್ದುಗೆಯಲ್ಲೋ ನಿಂತ ಹಾಗೆ ಅನ್ನಿಸುತ್ತದೆ.

ಕನ್ನಡದಲ್ಲಿ ಗೈಡೂ ಇಲ್ಲ, ಆಡಿಯೊವೂ ಇಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಜೊತೆಗಿದ್ದರೆ ನೀವೇ ಪಕ್ಕದಲ್ಲಿ ನಿಂತು ಪಿಸುಗುಟ್ಟುತ್ತಾ ಹೋಗಬೇಕು.

ಚಪ್ಪಲಿ ಬಿಡಬೇಕಾ? ತಲೆಗೆ ಸೆರಗು?

ಎರಡೂ ಬೇಡ. ಗಂಡಸರು ಟೋಪಿ ತೆಗೆಯುವುದು ಮರ್ಯಾದೆ. ಒಳಗೆ ಕಲ್ಲಿನ ತಂಪು ಇರುತ್ತದೆ, ಜುಲೈನಲ್ಲೂ ಒಂದು ಸ್ವೆಟರ್ ಇರಲಿ. ಗಂಟೆಗೊಮ್ಮೆ ಒಂದು ನಿಮಿಷ ಪ್ರಾರ್ಥನೆ ಹೇಳುತ್ತಾರೆ. ಆಗ ನಿಂತಲ್ಲೇ ಸುಮ್ಮನೆ ನಿಂತರೆ ಸಾಕು.

ನೆಲದ ತುಂಬಾ ಸಮಾಧಿಗಳಂತೆ. ತುಳಿಯದೆ ನಡೆಯುವುದು ಹೇಗೆ?

ನಮ್ಮವರು ಕೇಳುವ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ಇದು. 3,300ಕ್ಕೂ ಹೆಚ್ಚು ಜನರ ಸಮಾಧಿ ಅಥವಾ ಸ್ಮಾರಕ ಇಲ್ಲಿವೆ. ಕಾಲಿಟ್ಟಲ್ಲೆಲ್ಲ ಹೆಸರು. ಮೊದಲ ಸಲ ಬಂದಾಗ ನಮ್ಮತ್ತೆ ಸೀರೆಯ ನೆರಿಗೆ ಹಿಡಿದುಕೊಂಡು, ಅಂಗಳದಲ್ಲಿ ರಂಗೋಲಿ ದಾಟುವ ಹಾಗೆ, ಒಂದು ಕಲ್ಲಿನ ಅಂಚಿನಿಂದ ಇನ್ನೊಂದರ ಅಂಚಿಗೆ ಹೆಜ್ಜೆ ಇಡುತ್ತಾ ಹತ್ತು ನಿಮಿಷ ನಡೆದರು. ನೋಡುತ್ತಿದ್ದ ವರ್ಜರ್ ಬಂದು, ‘ತುಳಿಯಿರಿ ಅಮ್ಮಾ, ನೂರಾರು ವರ್ಷದಿಂದ ಎಲ್ಲರೂ ತುಳಿದೇ ಅಕ್ಷರ ಸವೆದಿರುವುದು’ ಎಂದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅತ್ತೆ ಒಪ್ಪಲಿಲ್ಲ.

ಒಂದು ಕಲ್ಲನ್ನು ಮಾತ್ರ ಯಾರೂ ತುಳಿಯುವಂತಿಲ್ಲ. ಪಶ್ಚಿಮ ಬಾಗಿಲ ಬಳಿ ಸುತ್ತಲೂ ಕೆಂಪು ಪಾಪಿ ಹೂವಿನ ಅಂಚು, ನಡುವೆ ಬೆಲ್ಜಿಯಂನ ಕಪ್ಪು ಅಮೃತಶಿಲೆ. ಮೊದಲ ಮಹಾಯುದ್ಧದಲ್ಲಿ ಸತ್ತ, ಹೆಸರೇ ಗೊತ್ತಿಲ್ಲದ ಒಬ್ಬ ಸೈನಿಕನನ್ನು 1920ರ ನವೆಂಬರ್ 11ರಂದು, ಫ್ರಾನ್ಸಿನಿಂದ ತಂದ ಮಣ್ಣು ಹಾಕಿ, ಇಲ್ಲಿ ಹೂತರು. ರಾಜಕುಮಾರಿಯರ ಮದುವೆಯ ಮೆರವಣಿಗೆಯೂ ಇದನ್ನು ಬಳಸಿಕೊಂಡೇ ಹೋಗುತ್ತದೆ. ರಾಜರ ತಲೆಯ ಮೇಲೆ ನಡೆಯಬಹುದು, ಅನಾಮಿಕನ ಮೇಲೆ ಇಲ್ಲ. ಅತ್ತೆಗೆ ಇದು ಬಹಳ ಹಿಡಿಸಿತು.

ಮನೆಗೆ ಹೋಗಿ ಸ್ನಾನ ಮಾಡಬೇಕಾ ಎಂದೂ ಕೇಳುತ್ತಾರೆ. ಅದು ಅವರವರ ಮನೆಯ ಪದ್ಧತಿ. ನಮ್ಮತ್ತೆ ಮಾಡಿದರು, ಮಾವ ಮಾಡಲಿಲ್ಲ, ಇಬ್ಬರೂ ಚೆನ್ನಾಗಿದ್ದಾರೆ.

ತಪ್ಪದೆ ನೋಡಬೇಕಾದ್ದು ಯಾವುದು?

ಪಟ್ಟಾಭಿಷೇಕದ ಕುರ್ಚಿ. ಸುಮಾರು 1300ರಲ್ಲಿ 1ನೇ ಎಡ್ವರ್ಡ್ ಮಾಡಿಸಿದ ಓಕ್ ಮರದ ಕುರ್ಚಿ. ಚಿನ್ನದ ಸಿಂಹಾಸನ ಅಂದುಕೊಂಡು ಹೋದವರಿಗೆ ನಿರಾಸೆ. ಹತ್ತಿರ ಬಾಗಿ ನೋಡಿ, ಮೈತುಂಬಾ ಕೆತ್ತಿದ ಹೆಸರುಗಳು! 18, 19ನೇ ಶತಮಾನದಲ್ಲಿ ಪಕ್ಕದ ಶಾಲೆಯ ಹುಡುಗರು ಮತ್ತು ಬಂದ ಪ್ರವಾಸಿಗರು ಚಾಕುವಿನಲ್ಲಿ ಗೀಚಿದ್ದು. 1800ರ ಜುಲೈಯಲ್ಲಿ ತಾನು ಈ ಕುರ್ಚಿಯಲ್ಲಿ ಮಲಗಿದ್ದೆ ಎಂದು ಒಬ್ಬ ತಾರೀಖಿನ ಸಮೇತ ಕೆತ್ತಿದ್ದಾನೆ. ಹಂಪಿಯ ಕಂಬಗಳ ಮೇಲೆ ಹೃದಯ ಬಿಡಿಸುವವರನ್ನು ಬೈಯುವಾಗ ನನಗೆ ಈ ಕುರ್ಚಿ ನೆನಪಾಗುತ್ತದೆ. ಕುರ್ಚಿಯ ಕೆಳಗಿನ ಖಾಲಿ ಜಾಗದಲ್ಲಿ ಇದ್ದದ್ದು ಸ್ಕಾಟ್ಲೆಂಡಿನಿಂದ 1296ರಲ್ಲಿ ಕಿತ್ತು ತಂದ ಕಲ್ಲು. 1950ರ ಕ್ರಿಸ್‌ಮಸ್ ದಿನ ಸ್ಕಾಟಿಷ್ ವಿದ್ಯಾರ್ಥಿಗಳು ಅದನ್ನು ಕದ್ದೊಯ್ದರು, ಮತ್ತೆ ಸಿಕ್ಕಿತು. 1996ರಲ್ಲಿ ಸರ್ಕಾರವೇ ಅದನ್ನು ಸ್ಕಾಟ್ಲೆಂಡಿಗೆ ಮರಳಿಸಿತು. ಈಗ ಪಟ್ಟಾಭಿಷೇಕಕ್ಕೆ ಮಾತ್ರ ಬಂದು ಹೋಗುತ್ತದೆ.

ಮತ್ತೆ ನ್ಯೂಟನ್, ಡಾರ್ವಿನ್, ಅವರಿಬ್ಬರ ನಡುವೆ 2018ರಲ್ಲಿ ಬಂದು ಸೇರಿದ ಸ್ಟೀಫನ್ ಹಾಕಿಂಗ್. ಕವಿಗಳ ಮೂಲೆಯಲ್ಲಿ ಚಾಸರ್, ಡಿಕನ್ಸ್. ನಿಂತ ಭಂಗಿಯಲ್ಲೇ ಹೂಳಿಸಿಕೊಂಡ ನಾಟಕಕಾರ ಬೆನ್ ಜಾನ್ಸನ್. ಒಂದೇ ಸಮಾಧಿಯಲ್ಲಿ ಮೇಲೊಬ್ಬಳು ಕೆಳಗೊಬ್ಬಳು ಮಲಗಿರುವ, ಬದುಕಿದ್ದಾಗ ಒಬ್ಬರಿಗೊಬ್ಬರು ಆಗದ ಅಕ್ಕತಂಗಿ ರಾಣಿಯರು ಮೇರಿ ಮತ್ತು ಎಲಿಜಬೆತ್. ಆ ಸಮಾಧಿ ಇರುವ 7ನೇ ಹೆನ್ರಿಯ ಚಾಪೆಲ್‌ನಲ್ಲಿ ತಲೆ ಎತ್ತಿ ನೋಡಿ. ಕಲ್ಲನ್ನು ಬೀಸಣಿಗೆಯಂತೆ ಬಿಡಿಸಿದ್ದಾರೆ. ಬೇಲೂರು ನೋಡಿದ ಕಣ್ಣೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.

ನಮ್ಮ ಕಡೆಯವರ ಹೆಸರು ಎಲ್ಲಾದರೂ ಇದೆಯಾ?

ಇದೆ. ಉತ್ತರದ ತೋಳಿನಲ್ಲಿ ಸರ್ ಐರ್ ಕೂಟ್ ಎಂಬ ಸೇನಾಧಿಪತಿಯ ದೊಡ್ಡ ಅಮೃತಶಿಲೆಯ ಸ್ಮಾರಕವನ್ನು ಹುಡುಕಿ. ಆಡಿಯೊ ಕೇಳುತ್ತಾ ಹೋಗುವವರು ಇದನ್ನು ಗಮನಿಸದೆ ದಾಟಿಬಿಡುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಕೆತ್ತಿದವನು ಥಾಮಸ್ ಬ್ಯಾಂಕ್ಸ್. ಒಂದು ತಾಳೆಮರ. ಅದಕ್ಕೆ ರೆಕ್ಕೆಯ ವಿಜಯದೇವತೆ ಕೂಟನ ಮುಖದ ಬಿಲ್ಲೆಯನ್ನು ನೇತುಹಾಕುತ್ತಿದ್ದಾಳೆ. ಇನ್ನೊಂದು ಪಕ್ಕದಲ್ಲಿ ಬರಿಮೈಯ ಒಬ್ಬ ಭಾರತೀಯ ಕೈದಿ ತಲೆ ತಗ್ಗಿಸಿ ಅಳುತ್ತಾ ಕೂತಿದ್ದಾನೆ. ಕೆಳಗಿನ ಬರಹದಲ್ಲಿ, 1781 ಮತ್ತು 1782ರಲ್ಲಿ ಫ್ರೆಂಚರು ಮತ್ತು ‘ಹೈದರ್ ಅಲಿ’ಯ ಒಗ್ಗೂಡಿದ ಬಲದ ವಿರುದ್ಧ ಕೂಟ್ ಹೋರಾಡಿ ಗೆದ್ದ ಎಂದಿದೆ. ನಮ್ಮ ಮೈಸೂರಿನ ಹೈದರನೇ. ಕೂಟ್ ಅವನನ್ನು ಸೋಲಿಸಿದ ಪೋರ್ಟೊ ನೋವೊ ಯುದ್ಧ ನಡೆದದ್ದು 1781ರ ಜುಲೈ 1ರಂದು.

ಅದಕ್ಕೂ ಹತ್ತು ತಿಂಗಳ ಮುಂಚೆ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ್ದರು. ಕೂಟನನ್ನು ಬಂಗಾಳದಿಂದ ಮದ್ರಾಸಿಗೆ ಅವಸರವಾಗಿ ಕಳಿಸಿದ್ದೇ ಆ ಸೋಲಿನಿಂದಾಗಿ. ಅದರ ಬಗ್ಗೆ ಈ ಕಲ್ಲು ಬಾಯಿ ಬಿಡುವುದಿಲ್ಲ. ಅಳುವವನನ್ನು ಮರಾಠಾ ಕೈದಿ ಎಂದು ಕರೆಯುವ ವಾಡಿಕೆ ಇದೆ. ಬರಹದಲ್ಲಿ ಸೋತದ್ದು ಹೈದರನ ಸೇನೆ. ಮರಾಠನೋ ಮೈಸೂರಿನವನೋ, ಕೆತ್ತಿಸಿದವರಿಗೆ ಆ ವ್ಯತ್ಯಾಸ ಬೇಕಿದ್ದಂತೆ ಕಾಣುವುದಿಲ್ಲ.

ಕೂಟನನ್ನು ಕಳಿಸಿದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಎದೆಮಟ್ಟದ ಪ್ರತಿಮೆಯೂ ಅಬ್ಬೆಯಲ್ಲಿದೆ. ಇವನ ಹೆಸರು ಮನಸ್ಸಿನಲ್ಲಿರಲಿ, ರಸ್ತೆ ದಾಟಿದ ಮೇಲೆ ಮತ್ತೆ ಸಿಗುತ್ತಾನೆ.

ಚರ್ಚಿಗೂ ಶಾಸನಸಭೆಗೂ ಏನು ಸಂಬಂಧ? ಯಾಕೆ ಅಕ್ಕಪಕ್ಕ?

ಬೆಳಿಗ್ಗೆ ಅಬ್ಬೆ, ಮಧ್ಯಾಹ್ನ ಪಾರ್ಲಿಮೆಂಟ್ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಡ್ವರ್ಡ್ ಚರ್ಚು ಕಟ್ಟಿಸಿದಾಗ ಪಕ್ಕದಲ್ಲೇ ಅರಮನೆಯೂ ಎದ್ದಿತು. ರಾಜ ಎಲ್ಲಿದ್ದರೆ ಸಭೆ ಅಲ್ಲಿ. ಅಬ್ಬೆಯ ಪ್ರಾಕಾರದಲ್ಲಿ ಚಾಪ್ಟರ್ ಹೌಸ್ ಎಂಬ ಎಂಟು ಮೂಲೆಯ ಕೋಣೆ ಇದೆ, 1250ರ ದಶಕದ್ದು. ಸನ್ಯಾಸಿಗಳು ದಿನಾ ಬೆಳಿಗ್ಗೆ ಗೋಡೆಗುಂಟದ ಕಲ್ಲಿನ ಬೆಂಚಿನಲ್ಲಿ ಕೂತು ತಮ್ಮ ನಿಯಮಗಳ ಒಂದು ಅಧ್ಯಾಯ ಓದಿಸುತ್ತಿದ್ದರು. 1257ರಲ್ಲಿ ರಾಜನ ಮಹಾಸಭೆ ಸೇರಿದ್ದು ಇಲ್ಲಿ. ಮುಂದಿನ ಶತಮಾನದಲ್ಲಿ ಹೌಸ್ ಆಫ್ ಕಾಮನ್ಸ್, ಎಂದರೆ ಜನಪ್ರತಿನಿಧಿಗಳ ಸಭೆ, ಸ್ವಂತ ಸೂರಿಲ್ಲದೆ ಇಲ್ಲೇ ಕೂರುತ್ತಿತ್ತು. ಆಮೇಲೆ ಸನ್ಯಾಸಿಗಳ ಊಟದ ಮನೆಗೆ ಹೋಯಿತು. ಚಾಪ್ಟರ್ ಹೌಸಿಗೆ ಹೋಗುವಾಗ ದಾರಿಯಲ್ಲೊಂದು ಹಳೆಯ ಮರದ ಬಾಗಿಲಿದೆ. 1050ರ ದಶಕದ ಅದು ಬ್ರಿಟನ್ನಿನ ಅತಿ ಹಳೆಯ ಬಾಗಿಲು.

16ನೇ ಶತಮಾನದ ನಡುವೆ ಕಾಮನ್ಸ್‌ಗೆ ಕೊನೆಗೂ ಒಂದು ಮನೆ ಸಿಕ್ಕಿತು. ಅದೂ ಚರ್ಚೇ! ಅರಮನೆಯೊಳಗೆ ರಾಜರ ಖಾಸಗಿ ಪ್ರಾರ್ಥನೆಗಿದ್ದ ಸೇಂಟ್ ಸ್ಟೀಫನ್ಸ್ ಚಾಪೆಲ್. ಈಗ ಅಬ್ಬೆಯಲ್ಲಿ ಹಾಡುವವರು ಕೂರುವ ಜಾಗ ನೆನಪಿಸಿಕೊಳ್ಳಿ: ನಡುವೆ ದಾರಿ, ಎರಡೂ ಬದಿಗೆ ಎದುರುಬದುರು ಬೆಂಚಿನ ಸಾಲು. ಸದಸ್ಯರು ಅದೇ ರೀತಿಯ ಸಾಲುಗಳಲ್ಲಿ ಕೂತರು, ವೇದಿಕೆ ಇದ್ದ ಕಡೆ ಸ್ಪೀಕರ್ ಕುರ್ಚಿ ಬಂತು. ಆಡಳಿತ ಪಕ್ಷ ಒಂದು ಕಡೆ, ವಿರೋಧ ಪಕ್ಷ ಅದಕ್ಕೆ ಮುಖಾಮುಖಿ ಎಂಬ ಏರ್ಪಾಟು ಅಲ್ಲಿಂದಲೇ ಬಂದದ್ದೆಂದು ಗೈಡುಗಳು ಹೇಳುತ್ತಾರೆ. ಬೆಳಿಗ್ಗೆ ಅಬ್ಬೆಯ ಆ ಸಾಲುಗಳನ್ನು ನೋಡಿ ಮಧ್ಯಾಹ್ನ ಕಾಮನ್ಸ್ ಒಳಗೆ ಕಾಲಿಟ್ಟರೆ ಗೈಡ್ ಬಾಯಿ ತೆರೆಯುವ ಮುಂಚೆಯೇ ನಿಮಗೆ ಗೊತ್ತಾಗಿಬಿಡುತ್ತದೆ.

ಪಾರ್ಲಿಮೆಂಟ್ ಟೂರ್‌ನಲ್ಲಿ ಏನೇನು ತೋರಿಸುತ್ತಾರೆ?

ಗೈಡ್ ಜೊತೆಗಾದರೆ ಇದೂ ಒಂದೂವರೆ ಗಂಟೆ. ಮೊದಲು ವೆಸ್ಟ್‌ಮಿನ್‌ಸ್ಟರ್ ಹಾಲ್. 1097ರದ್ದು, 73 ಮೀಟರ್ ಉದ್ದ, 20 ಮೀಟರ್ ಅಗಲ. ನಡುವೆ ಒಂದೂ ಕಂಬವಿಲ್ಲ. 14ನೇ ಶತಮಾನದ ಕೊನೆಯಲ್ಲಿ ಹ್ಯೂ ಹರ್ಲೆಂಡ್ ಎಂಬ ಬಡಗಿ ಕೂಡಿಸಿದ ಓಕ್ ಮರದ ತೊಲೆಗಳೇ ಇವತ್ತಿಗೂ ಮಾಡು ಹೊತ್ತಿವೆ. ಮರಗೆಲಸ ಬಲ್ಲವರು ಜೊತೆಗಿದ್ದರೆ ಅವರನ್ನು ಇಲ್ಲಿಂದ ಹೊರಡಿಸುವುದು ಕಷ್ಟ. ನೆಲದಲ್ಲಿ ಹಿತ್ತಾಳೆಯ ಫಲಕಗಳಿವೆ. ಸ್ಕಾಟ್ಲೆಂಡಿನ ಹೋರಾಟಗಾರ ವಿಲಿಯಂ ವಾಲೇಸ್, 8ನೇ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಮೋರ್, 1649ರಲ್ಲಿ ರಾಜ 1ನೇ ಚಾರ್ಲ್ಸ್, ಎಲ್ಲರ ವಿಚಾರಣೆಯೂ ಇಲ್ಲೇ ಆಗಿ ಎಲ್ಲರಿಗೂ ಮರಣದಂಡನೆಯಾಯಿತು. ವಾರನ್ ಹೇಸ್ಟಿಂಗ್ಸ್ ಮೇಲೆ ಭಾರತದಲ್ಲಿನ ಅಕ್ರಮಗಳಿಗಾಗಿ ಮಹಾಭಿಯೋಗ ನಡೆದದ್ದೂ ಇಲ್ಲೇ, 1788ರಿಂದ 1795ರವರೆಗೆ ಏಳು ವರ್ಷ. ಸಂಸದ ಎಡ್ಮಂಡ್ ಬರ್ಕ್ ಅವನ ವಿರುದ್ಧ ಗುಡುಗಿದ. ಕೊನೆಗೆ ಹೇಸ್ಟಿಂಗ್ಸ್ ಖುಲಾಸೆಯಾದ. ಅಬ್ಬೆಯಲ್ಲಿ ಪ್ರತಿಮೆಯೂ ಸಿಕ್ಕಿತು.

ಉಳಿದ ಕಟ್ಟಡ ಹೆಚ್ಚಿನದು 1834ರ ಬೆಂಕಿಯ ನಂತರದ್ದು. ಆ ಬೆಂಕಿಯ ಕಥೆ ನಮ್ಮ ಯಾವುದೇ ಸರ್ಕಾರಿ ಕಚೇರಿಯದ್ದೂ ಆಗಬಹುದಿತ್ತು. ಹಿಂದೆ ಖಜಾನೆಯ ಲೆಕ್ಕವನ್ನು ಮರದ ಕಡ್ಡಿಗಳಿಗೆ ಗೀರು ಹಾಕಿ ಇಡುತ್ತಿದ್ದರು. ಪದ್ಧತಿ ನಿಂತ ಮೇಲೆ ಗಾಡಿಗಟ್ಟಲೆ ಕಡ್ಡಿ ಉಳಿದವು. ಅಕ್ಟೋಬರ್ 16ರಂದು ಲಾರ್ಡ್ಸ್, ಎಂದರೆ ಮೇಲ್ಮನೆಯ, ಸಭಾಂಗಣದ ಕೆಳಗಿನ ಒಲೆಗಳಿಗೆ ಅವನ್ನು ತುರುಕಿ ಸುಡಿಸಿದರು. ಮೇಲೆ ನೆಲ ಬಿಸಿಯಾಗುತ್ತಿದೆ ಎಂದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆಗೆ ಅರಮನೆಯೇ ಹೊತ್ತಿ ಉರಿಯಿತು.

ಲಾರ್ಡ್ಸ್ ಸಭೆ ಕೆಂಪು, ಕಾಮನ್ಸ್ ಹಸಿರು. ಲಾರ್ಡ್ಸ್‌ನಲ್ಲಿ ಚಿನ್ನದ ಸಿಂಹಾಸನ, ಅದರ ಮುಂದೆ ಉಣ್ಣೆ ತುಂಬಿದ ಕೆಂಪು ದಿಂಬಿನಂಥ ಪೀಠ. ಕಾಮನ್ಸ್ ನೋಡಿದವರು ‘ಇಷ್ಟೇನಾ?’ ಅನ್ನುತ್ತಾರೆ. ಟಿವಿಯಲ್ಲಿ ದೊಡ್ಡದಾಗಿ ಕಾಣುವ ಆ ಸಭೆಯಲ್ಲಿ 650 ಸದಸ್ಯರಿಗೆ ಇರುವುದು 427 ಜಾಗ. 1941ರ ಮೇ 10ರ ರಾತ್ರಿ ಜರ್ಮನರ ಬಾಂಬಿಗೆ ಸುಟ್ಟುಹೋಗಿ 1950ರಲ್ಲಿ ಮತ್ತೆ ತೆರೆದಾಗಲೂ, ದೊಡ್ಡದು ಮಾಡದೆ ಹಳೆಯ ಇಕ್ಕಟ್ಟನ್ನೇ ಉಳಿಸಿಕೊಂಡರು. ಆಗ ಕಾಮನ್‌ವೆಲ್ತ್ ದೇಶಗಳು ಒಂದೊಂದು ಸಾಮಾನು ಉಡುಗೊರೆ ಕೊಟ್ಟವು. ಸ್ಪೀಕರ್ ಕುರ್ಚಿ ಆಸ್ಟ್ರೇಲಿಯದ್ದು, ಮೇಜು ಕೆನಡಾದ್ದು. ಒಳಗೆ ಹೋಗುವ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನದ್ದು. ಆಗಷ್ಟೇ ಮನೆ ಪಾಲಾದ ಇಬ್ಬರಿಂದ ಬಾಗಿಲ ಉಡುಗೊರೆ!

ಆ ಹಸಿರು ಬೆಂಚಿನ ಮೇಲೆ ಒಮ್ಮೆ ಕೂತು ಫೋಟೊ?

ಕೂರುವ ಹಾಗಿಲ್ಲ. ಎಷ್ಟೇ ಕಾಲು ನೋಯಲಿ, ಬೆಂಚು ಗೆದ್ದು ಬಂದವರಿಗೆ ಮಾತ್ರ. ಪಾರ್ಲಿಮೆಂಟಿನಲ್ಲಿ ಫೋಟೊ ತೆಗೆಯಲು ಬಿಡುವುದು ವೆಸ್ಟ್‌ಮಿನ್‌ಸ್ಟರ್ ಹಾಲ್ ಮತ್ತು ಸೇಂಟ್ ಸ್ಟೀಫನ್ಸ್ ಹಾಲ್‌ನಲ್ಲಿ ಮಾತ್ರ. ಅಬ್ಬೆಯಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು, ಪ್ರಾರ್ಥನೆ ನಡೆಯುವಾಗ ಕೂಡದು.

ಅಧಿವೇಶನ ನೋಡಬಹುದಾ?

ಸಭೆ ಸೇರಿದ ದಿನ ಹೊರಗೆ ಕ್ಯೂ ನಿಂತರೆ ಗ್ಯಾಲರಿಗೆ ಬಿಡುತ್ತಾರೆ, ದುಡ್ಡಿಲ್ಲ, ವಿದೇಶಿಯರಿಗೂ ಅವಕಾಶವಿದೆ. ಬುಧವಾರ ಮಧ್ಯಾಹ್ನ ಪ್ರಧಾನಿಯ ಪ್ರಶ್ನೋತ್ತರಕ್ಕೆ ಮಾತ್ರ ಜಾಗ ಸಿಗುವುದು ಕಷ್ಟ. ಇಲ್ಲಿನ ನಿವಾಸಿಗಳು ತಮ್ಮ ಎಂಪಿ ಮೂಲಕ ಪಾಸ್ ಕೇಳುತ್ತಾರೆ.

ಬಿಗ್ ಬೆನ್ ಹತ್ತಬಹುದಾ?

ಅದು ಬೇರೆಯೇ ಟಿಕೆಟ್, ಬೇಗ ಖಾಲಿಯಾಗುತ್ತದೆ. 334 ಮೆಟ್ಟಿಲು. 11 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಅಂದಹಾಗೆ ಬಿಗ್ ಬೆನ್ ಗಂಟೆಯ ಹೆಸರು, 13.7 ಟನ್ನಿನದು, ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂದು ಹೆಸರು.

ಬ್ಯಾಗಿನಲ್ಲಿ ಏನು ಇರಬಾರದು? ಊಟ?

ಪಾರ್ಲಿಮೆಂಟಿನಲ್ಲಿ ಏರ್‌ಪೋರ್ಟಿನಂಥದೇ ತಪಾಸಣೆ. ಅರ್ಧ ಗಂಟೆ ಮುಂಚೆ ಹೋಗಿ. ಸೇಬು ಹೆಚ್ಚಲೆಂದು ಇಟ್ಟ ಸಣ್ಣ ಚಾಕು ನಮ್ಮತ್ತೆಯ ಕೈಚೀಲದ ತಳದಲ್ಲಿತ್ತು. ತಪ್ಪು ನಮ್ಮದೇ, ಆದರೆ ಆ ಚಾಕು ಅವರ ತವರಿನದ್ದು. ಇವತ್ತಿಗೂ ಆಗಾಗ ನೆನಪಿಸುತ್ತಾರೆ. ಸೂಟ್‌ಕೇಸ್ ಇಡಲು ಎರಡೂ ಕಡೆ ಜಾಗವಿಲ್ಲ.

ಎರಡೂ ಕಡೆ ಕೆಫೆ ಇವೆ, ಸಸ್ಯಾಹಾರಿಗಳಿಗೂ ಏನಾದರೂ ಸಿಗುತ್ತದೆ. ಚಿತ್ರಾನ್ನದ ಡಬ್ಬಿ ತಂದವರು ಹತ್ತು ನಿಮಿಷ ನಡೆದು ಸೇಂಟ್ ಜೇಮ್ಸ್ ಪಾರ್ಕಿನ ಬೆಂಚು ಹಿಡಿಯಿರಿ. ಬಾತುಕೋಳಿಗಳು ಪಾಲು ಕೇಳುತ್ತವೆ. ಗಾಲಿಕುರ್ಚಿಯವರಿಗೆ ಎರಡೂ ಕಡೆ ವ್ಯವಸ್ಥೆ ಇದೆ, ಬುಕ್ ಮಾಡುವಾಗಲೇ ತಿಳಿಸಿ.

ಬಸವಣ್ಣನವರ ಪ್ರತಿಮೆ ಅಲ್ಲೇ ಹತ್ತಿರದಲ್ಲಿದೆಯಂತೆ?

ನದಿಯ ಆಚೆ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಸಣ್ಣ ತೋಟದಲ್ಲಿ. ಪಾರ್ಲಿಮೆಂಟ್ ಮುಗಿಸಿ ಲ್ಯಾಂಬೆತ್ ಸೇತುವೆ ದಾಟಿದರೆ ನಿಧಾನವಾಗಿ ನಡೆದರೂ ಕಾಲು ಗಂಟೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರ್ಗಿ ಮೂಲದ ನೀರಜ್ ಪಾಟೀಲರು ಮುಂದೆ ನಿಂತು ಆಗಮಾಡಿದ ಕೆಲಸ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಟಿಕೆಟ್ ಇಲ್ಲ, ಗೈಡ್ ಇಲ್ಲ, ಕ್ಯೂ ಇಲ್ಲ. ಬೇಸಿಗೆಯಲ್ಲಿ ಸಂಜೆ ಐದರ ಮೇಲೆ ಹೋದರೆ ಬೆಳಕು ನದಿಯ ಕಡೆಯಿಂದ ಬರುತ್ತದೆ, ಫೋಟೊಗೆ ಅದೇ ಒಳ್ಳೆಯ ಹೊತ್ತು. ನಮ್ಮತ್ತೆ ಅಲ್ಲಿ ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟರು.